ಮನೆಯಲ್ಲಿ ಬಿಯರ್ ತಯಾರಿಕೆ

ಮನೆಯಲ್ಲಿ ಬಿಯರ್ ತಯಾರಿಕೆ ಅಥವಾ ಹೋಮ್‌ಬ್ರೂಯಿಂಗ್ ಎಂದರೆ ಮಾರಾಟದ ಉದ್ದೇಶವಿಲ್ಲದೆ, ಸ್ವಂತ ಬಳಕೆಗಾಗಿ ಇಲ್ಲವೆ ಸ್ಪರ್ಧೆಗಳಿಗಾಗಿ ಬಿಯರನ್ನು ಸಣ್ಣ ಪ್ರಮಾಣದಲ್ಲಿ ಮನೆಯಲ್ಲಿಯೇ ಸಿದ್ಧಪಡಿಸುವ ಹವ್ಯಾಸ. ಅಮೆರಿಕ ಸಂಯುಕ್ತ ಸಂಸ್ಥಾನ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಇದು ವ್ಯಾಪಕವಾಗಿದೆ. ಅಂಗಡಿಯ ಬಿಯರಿಗಿಂತ ಕಡಿಮೆ ಖರ್ಚಿನಲ್ಲಿ ಬಿಯರ್ ದೊರೆಯುತ್ತದೆ ಎಂಬ ಲೆಕ್ಕಾಚಾರದಿಂದ ಅನೇಕರು ಇದನ್ನು ಆರಂಭಿಸುತ್ತಾರೆ. ಆದರೆ ಒಂದು ಬಕೆಟ್ಟು ಮತ್ತು ಅಡುಗೆಮನೆಯ ಪಾತ್ರೆಯಿಂದ ಶುರುವಾದ ಹವ್ಯಾಸ ಕೆಲವು ವರ್ಷಗಳಲ್ಲಿ ಗ್ಯಾರೇಜಿನ ಒಂದು ಗೋಡೆಯನ್ನು ಪೂರ್ತಿಯಾಗಿ ಆಕ್ರಮಿಸುವುದು ಸಾಮಾನ್ಯ. ಉಪಕರಣಗಳ ವೆಚ್ಚ ಹೀಗೆ ಬೆಳೆಯುತ್ತ ಹೋಗುವುದು ಈ ಹವ್ಯಾಸದ ಪ್ರಸಿದ್ಧ ಲಕ್ಷಣವಾಗಿದ್ದು, ಅದಕ್ಕೆ ತಾಂತ್ರಿಕ ಕಾರಣಗಳೂ ಮಾನಸಿಕ ಕಾರಣಗಳೂ ಇವೆ. ಈ ಲೇಖನದಲ್ಲಿ ಕೊಟ್ಟಿರುವ ಬೆಲೆಗಳು ಅಮೆರಿಕದ ಮಾರುಕಟ್ಟೆಗೆ ಸಂಬಂಧಿಸಿದ ಅಂದಾಜುಗಳು.

ಇತಿಹಾಸ

ಬಿಯರ್ ತಯಾರಿಕೆ ಕೈಗಾರಿಕೆಯಾಗುವುದಕ್ಕೆ ಮೊದಲು ಮನೆಗೆಲಸವಾಗಿತ್ತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬ್ರೆಡ್ ಸುಡುವಂತೆಯೇ ಏಲ್ ತಯಾರಿಸುವುದೂ ಹೆಚ್ಚಾಗಿ ಹೆಂಗಸರ ಕೆಲಸವಾಗಿತ್ತು. ಜಾರ್ಜ್ ವಾಷಿಂಗ್ಟನ್ 1757ರಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದ, ಗೋಧಿ ತೌಡು ಮತ್ತು ಕಾಕಂಬಿಯಿಂದ ಮಾಡುವ ಲಘು ಬಿಯರಿನ ವಿಧಾನ ಇಂದಿಗೂ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿದೆ.

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಜಾರಿಯಲ್ಲಿತ್ತು. ಆ ಕಾಲದಲ್ಲಿ ಬಿಯರ್ ಕಾರ್ಖಾನೆಗಳು ಮಾಲ್ಟ್ ಪಾಕವನ್ನು ಬೇಕರಿ ಪದಾರ್ಥವೆಂಬ ಹೆಸರಿನಲ್ಲಿ ಡಬ್ಬಿಗಳಲ್ಲಿ ಮಾರಿದವು. ಕೊಂಡವರಲ್ಲಿ ಬಹಳ ಮಂದಿ ಅದರಿಂದ ಏನು ಮಾಡುತ್ತಿದ್ದರೆಂಬುದು ಮಾರುವವರಿಗೂ ತಿಳಿದಿತ್ತು. ನಿಷೇಧ ತೆರವಾದ ಮೇಲೆ ಮನೆಯಲ್ಲಿ ವೈನ್ ತಯಾರಿಸಲು ಕಾನೂನಿನ ಅವಕಾಶ ಸಿಕ್ಕಿತಾದರೂ ಬಿಯರಿಗೆ ಸಿಗಲಿಲ್ಲ. ಸುಮಾರು 45 ವರ್ಷಗಳ ನಂತರ, 1978ರ ಅಕ್ಟೋಬರ್ 14ರಂದು, ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಮಸೂದೆಯಿಂದ ಈ ಲೋಪ ಸರಿಹೋಯಿತು. ಅದೇ ವರ್ಷ ಕೊಲರಾಡೋದ ಬೋಲ್ಡರ್ ನಗರದಲ್ಲಿ ಚಾರ್ಲಿ ಪಪೇಜಿಯನ್ ಮುಂತಾದವರು ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ ಸ್ಥಾಪಿಸಿದರು. ಪಪೇಜಿಯನ್ 1984ರಲ್ಲಿ ಪ್ರಕಟಿಸಿದ 'ದಿ ಕಂಪ್ಲೀಟ್ ಜಾಯ್ ಆಫ್ ಹೋಮ್‌ಬ್ರೂಯಿಂಗ್' ಹವ್ಯಾಸಿಗಳ ಮೂಲ ಕೈಪಿಡಿಯಾಯಿತು.

ಬ್ರಿಟನ್ನಿನಲ್ಲಿ 1880ರಿಂದ ಮನೆಯಲ್ಲಿ ಬಿಯರ್ ತಯಾರಿಸಲು ಪರವಾನಗಿ ಬೇಕಾಗಿತ್ತು. 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ರದ್ದುಗೊಳಿಸಿದರು.

ಇಂದಿನ ಅನೇಕ ಕ್ರಾಫ್ಟ್ ಬಿಯರ್ ಉದ್ಯಮಗಳ ಬೇರು ಈ ಹವ್ಯಾಸದಲ್ಲಿದೆ. ಸಿಯೆರ್ರಾ ನೆವಾಡ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಕೆನ್ ಗ್ರಾಸ್‌ಮನ್, ಅದಕ್ಕೆ ಮೊದಲು ಕ್ಯಾಲಿಫೋರ್ನಿಯಾದ ಚೀಕೊ ಪಟ್ಟಣದಲ್ಲಿ ಮನೆ ಬಿಯರಿನ ಸಾಮಗ್ರಿಗಳ ಅಂಗಡಿ ನಡೆಸುತ್ತಿದ್ದರು.

ತಯಾರಿಕೆಯ ವಿಧಾನ

ಬಿಯರಿನ ಮುಖ್ಯ ಪದಾರ್ಥಗಳು ನಾಲ್ಕು: ನೀರು, ಮಾಲ್ಟ್, ಹಾಪ್ಸ್ ಹೂ ಮತ್ತು ಯೀಸ್ಟ್. ಧಾನ್ಯವನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದು ಮಾಲ್ಟ್ ಆಗುತ್ತದೆ. ಕರ್ನಾಟಕದ ಮನೆಗಳಲ್ಲಿ ಮಕ್ಕಳಿಗಾಗಿ ಮಾಡುವ ರಾಗಿ ಮಾಲ್ಟಿನ ಹಿಂದಿರುವುದೂ ಇದೇ ಕ್ರಿಯೆ; ಬಿಯರಿನಲ್ಲಿ ರಾಗಿಯ ಬದಲು ಬಾರ್ಲಿ ಇರುತ್ತದೆ. ಮೊಳಕೆ ಬರುವಾಗ ಹುಟ್ಟುವ ಕಿಣ್ವಗಳು, ಪುಡಿಮಾಡಿದ ಮಾಲ್ಟನ್ನು ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟಾಗ, ಅದರ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಹೀಗೆ ದೊರೆಯುವ ಸಿಹಿನೀರಿಗೆ ವರ್ಟ್ ಎಂದು ಹೆಸರು. ಅದನ್ನು ಸುಮಾರು ಒಂದು ಗಂಟೆ ಕುದಿಸುತ್ತ ಹಾಪ್ಸ್ ಸೇರಿಸಲಾಗುತ್ತದೆ. ಕಹಿಯೂ ಪರಿಮಳವೂ ಬರುವುದು ಹಾಪ್ಸಿನಿಂದ. ಬಳಿಕ ವರ್ಟನ್ನು ಬೇಗನೆ ತಣಿಸಿ, ಹುದುಗುಪಾತ್ರೆಗೆ ಸುರಿದು ಯೀಸ್ಟ್ ಬೆರೆಸುತ್ತಾರೆ. ಏಲ್ ಬಗೆಯ ಬಿಯರ್ 18ರಿಂದ 20 ಡಿಗ್ರಿಯಲ್ಲಿ ಒಂದೆರಡು ವಾರಗಳಲ್ಲಿ ಹುದುಗುತ್ತದೆ. ಲಾಗರ್ ಬಗೆಗೆ ಇನ್ನೂ ತಂಪು, ಇನ್ನೂ ಹೆಚ್ಚು ಕಾಲ ಬೇಕು. ಕೊನೆಯಲ್ಲಿ ಸ್ವಲ್ಪ ಸಕ್ಕರೆ ಸೇರಿಸಿ ಬಾಟಲಿಗಳಿಗೆ ತುಂಬಿ ಮುಚ್ಚಳ ಬಿಗಿದರೆ, ಉಳಿದಿರುವ ಯೀಸ್ಟ್ ಅದನ್ನು ತಿಂದು ಬಾಟಲಿಯೊಳಗೇ ನೊರೆಗೆ ಬೇಕಾದ ಇಂಗಾಲದ ಡೈಆಕ್ಸೈಡನ್ನು ಉತ್ಪಾದಿಸುತ್ತದೆ.

ಮದ್ಯಸಾರದ ಪ್ರಮಾಣವನ್ನು ಹೈಡ್ರೋಮೀಟರಿನಿಂದ ತಿಳಿಯುತ್ತಾರೆ. ಹುದುಗುವ ಮೊದಲಿನ ವಿಶಿಷ್ಟ ಗುರುತ್ವದಿಂದ ಹುದುಗಿದ ನಂತರದ್ದನ್ನು ಕಳೆದು 131.25ರಿಂದ ಗುಣಿಸಿದರೆ ಶೇಕಡಾವಾರು ಸುಮಾರಾಗಿ ಸಿಗುತ್ತದೆ. 1.050 ಇದ್ದದ್ದು 1.010ಕ್ಕೆ ಇಳಿದರೆ ಆ ಬಿಯರಿನಲ್ಲಿ ಮದ್ಯಸಾರ ಶೇ. 5.25.

ಹೊಸಬರು ಧಾನ್ಯದ ಹಂತವನ್ನೇ ಬಿಟ್ಟು, ಕಾರ್ಖಾನೆಯಲ್ಲಿ ತಯಾರಾದ ಮಾಲ್ಟ್ ಸಾರವನ್ನು ನೀರಿನಲ್ಲಿ ಕರಗಿಸಿ ಕುದಿಸುತ್ತಾರೆ. ಇದಕ್ಕೆ ದೊಡ್ಡ ಪಾತ್ರೆ, ಮುಚ್ಚಳವುಳ್ಳ ಆಹಾರಯೋಗ್ಯ ಪ್ಲಾಸ್ಟಿಕ್ ಬಕೆಟ್ಟು, ಅನಿಲ ಹೊರಹೋಗಲು ಏರ್‌ಲಾಕ್, ಒಂದು ಕೊಳವೆ, ಹೈಡ್ರೋಮೀಟರ್ ಮತ್ತು ಬಾಟಲಿಗೆ ಮುಚ್ಚಳ ಒತ್ತುವ ಸಾಧನ ಸಾಕು. ಇಂಥ ಆರಂಭಿಕ ಕಿಟ್ 100ರಿಂದ 200 ಡಾಲರುಗಳಿಗೆ ದೊರೆಯುತ್ತದೆ.

ಉಪಕರಣಗಳು ಹೆಚ್ಚುವ ಬಗೆ

ಹವ್ಯಾಸಿ ಕೊಳ್ಳುವ ಪ್ರತಿ ಹೊಸ ಉಪಕರಣದ ಹಿಂದೆ ಸಾಮಾನ್ಯವಾಗಿ ಒಂದು ಕೆಟ್ಟ ಬಿಯರ್ ಇರುತ್ತದೆ. ಆದ್ದರಿಂದ ಈ ಖರ್ಚನ್ನೆಲ್ಲ ಬರಿಯ ಚಪಲವೆಂದು ತಳ್ಳಿಹಾಕಲಾಗದು.

ವರ್ಟ್ ನಿಧಾನವಾಗಿ ತಣಿದರೆ ಬೇಡದ ಸೂಕ್ಷ್ಮಜೀವಿಗಳಿಗೆ ಅವಕಾಶ ಸಿಗುತ್ತದೆ. ಹತ್ತೊಂಬತ್ತು ಲೀಟರ್ ಕುದಿಯುವ ದ್ರವವನ್ನು ಮಂಜುಗಡ್ಡೆ ತುಂಬಿದ ತೊಟ್ಟಿಯಲ್ಲಿಟ್ಟು ಕಾಯ್ದ ಅನುಭವವಾದ ಮೇಲೆ ತಣ್ಣೀರು ಹರಿಯುವ ತಾಮ್ರದ ಸುರುಳಿ ಮನೆಗೆ ಬರುತ್ತದೆ. ಮಾಲ್ಟ್ ಸಾರದಲ್ಲಿ ರುಚಿಯ ಆಯ್ಕೆ ಸೀಮಿತವೆನಿಸಿದಾಗ ಧಾನ್ಯದಿಂದಲೇ ಆರಂಭಿಸುವ ಮನಸ್ಸಾಗುತ್ತದೆ. ಅದಕ್ಕೆ ಬಿಸಿ ಹಿಡಿದಿಡುವ ಪಾತ್ರೆ, ಇನ್ನೂ ದೊಡ್ಡ ಕುದಿಯುವ ಪಾತ್ರೆ, ಅದನ್ನು ಕುದಿಸಬಲ್ಲ ಗ್ಯಾಸ್ ಒಲೆ, ಧಾನ್ಯ ಒಡೆಯುವ ಗಿರಣಿ ಬೇಕಾಗುತ್ತವೆ. ಐವತ್ತು ಬಾಟಲಿ ತೊಳೆದು, ಕ್ರಿಮಿರಹಿತಗೊಳಿಸಿ, ತುಂಬಿಸಿ, ಮುಚ್ಚುವ ಕೆಲಸ ಬೇಸರ ತರಿಸಿದಾಗ ಕೆಗ್ ಬರುತ್ತದೆ. ಇವುಗಳಲ್ಲಿ ಜನಪ್ರಿಯವಾದ ಕಾರ್ನೆಲಿಯಸ್ ಕೆಗ್‌ಗಳು ಮೂಲತಃ ತಂಪು ಪಾನೀಯಗಳಿಗಾಗಿ ತಯಾರಾದ ಐದು ಗ್ಯಾಲನ್ನಿನ ಸ್ಟೀಲ್ ಪಾತ್ರೆಗಳು. ಆ ಕಂಪನಿಗಳು ಪೆಟ್ಟಿಗೆಯೊಳಗಿನ ಚೀಲದ ಪದ್ಧತಿಗೆ ಬದಲಾದಾಗ ಹಳೆಯ ಕೆಗ್‌ಗಳು ಅಗ್ಗದ ಬೆಲೆಗೆ ಹವ್ಯಾಸಿಗಳ ಕೈಸೇರಿದವು. ಕೆಗ್ ಬಂದ ಮೇಲೆ ಅನಿಲದ ಸಿಲಿಂಡರ್, ಒತ್ತಡ ನಿಯಂತ್ರಕ, ನಲ್ಲಿ, ಮತ್ತು ಇವೆಲ್ಲವನ್ನೂ ತಂಪಾಗಿಡಲು ಎರಡನೆಯ ರೆಫ್ರಿಜರೇಟರ್ ಬೇಕು. ಕೆಗ್ ವ್ಯವಸ್ಥೆಗೆ ರೆಫ್ರಿಜರೇಟರನ್ನು ಬಿಟ್ಟು ಸುಮಾರು 300 ಡಾಲರ್ ತಗಲುತ್ತದೆ.

ಉಷ್ಣತೆಯ ವಿಷಯ ಹೆಚ್ಚು ಮಹತ್ತ್ವದ್ದು. ಹುದುಗುವಿಕೆ ಶಾಖ ಹೊರಸೂಸುವ ಕ್ರಿಯೆಯಾದ್ದರಿಂದ ಪಾತ್ರೆಯೊಳಗಿನ ಬಿಸಿ ಕೋಣೆಯ ಬಿಸಿಗಿಂತ ಕೆಲವು ಡಿಗ್ರಿ ಏರುತ್ತದೆ. ಅತಿಯಾದ ಶಾಖದಲ್ಲಿ ಯೀಸ್ಟ್ ಗಂಟಲು ಉರಿಸುವ ಭಾರ ಮದ್ಯಸಾರಗಳನ್ನು ಹುಟ್ಟಿಸುತ್ತದೆ. ಹುದುಗುವಿಕೆ ಮುಗಿಯುವ ಮೊದಲೇ ಬಾಟಲಿಗೆ ತುಂಬಿದರೆ ಬೆಣ್ಣೆಯ ಅಥವಾ ಹಸಿ ಸೇಬಿನ ವಾಸನೆ ಉಳಿದುಬಿಡುವುದುಂಟು. ಇದಕ್ಕೆ ದುಬಾರಿ ಪರಿಹಾರವೆಂದರೆ ತಂಪುಗೊಳಿಸುವ ಸುರುಳಿಯುಳ್ಳ ಶಂಕುವಿನಾಕಾರದ ಸ್ಟೀಲ್ ಹುದುಗುಪಾತ್ರೆ. ಬೆಲೆ ಹಲವು ನೂರು ಡಾಲರುಗಳಿಂದ ಸಾವಿರದ ಆಚೆಗೆ. ಮಧ್ಯಮ ಪರಿಹಾರವೆಂದರೆ ಹಳೆಯ ರೆಫ್ರಿಜರೇಟರಿಗೆ ಜೋಡಿಸುವ ಉಷ್ಣತಾ ನಿಯಂತ್ರಕ. ಅಗ್ಗದ ಪರಿಹಾರ, ಬಕೆಟ್ಟನ್ನು ನೀರಿನ ತೊಟ್ಟಿಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತುವುದು. ಬೇಸಿಗೆಯಲ್ಲಿ ನೀರಿನ ಹೂಜಿಗೆ ಒದ್ದೆ ಬಟ್ಟೆ ಸುತ್ತುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗೆಯೇ ನಲ್ಲಿನೀರಿನ ಕ್ಲೋರಿನ್‌ನಿಂದ ಬರುವ ಔಷಧಿಯ ವಾಸನೆಗೆ ಕೆಲವರು ನೀರು ಶುದ್ಧೀಕರಣ ಯಂತ್ರವನ್ನೇ ಕೊಳ್ಳುತ್ತಾರೆ. ಕೆಲವೇ ಸೆಂಟುಗಳ ಮೆಟಾಬೈಸಲ್ಫೈಟ್ ಮಾತ್ರೆಯೂ ಅದೇ ಕೆಲಸ ಮಾಡುತ್ತದೆ.

ಇತ್ತೀಚಿನ ದಶಕಗಳಲ್ಲಿ ಮಾಲ್ಟ್ ನೆನೆಸುವ ಮತ್ತು ಕುದಿಸುವ ಕೆಲಸಗಳನ್ನು ಒಂದೇ ಪಾತ್ರೆಯಲ್ಲಿ ಮಾಡುವ ವಿದ್ಯುತ್ ಯಂತ್ರಗಳು ಬಂದಿವೆ. ನ್ಯೂಜಿಲೆಂಡಿನ ಗ್ರೇನ್‌ಫಾದರ್ ಅವುಗಳಲ್ಲಿ ಹೆಸರಾದದ್ದು. ಇಡೀ ಕೆಲಸವನ್ನು ಗುಂಡಿ ಒತ್ತಿದರೆ ಮುಗಿಸುವ ಯಂತ್ರಗಳನ್ನೂ ಕೆಲವರು ಪ್ರಯತ್ನಿಸಿದರು. ಸಿಯಾಟಲ್‌ನ ಪೈಕೊಬ್ರೂ ಅಂಥ ಯಂತ್ರಗಳನ್ನು ಮಾರಿತಾದರೂ 2020ರಲ್ಲಿ ವ್ಯವಹಾರ ನಿಲ್ಲಿಸಿತು. ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು, ಆಸ್ಟ್ರೇಲಿಯಾದ ಹವ್ಯಾಸಿಗಳು ರೂಢಿಗೆ ತಂದ ಚೀಲದ ವಿಧಾನ: ಧಾನ್ಯವನ್ನು ಬಟ್ಟೆಯ ಚೀಲದಲ್ಲಿ ಹಾಕಿ ಒಂದೇ ಪಾತ್ರೆಯಲ್ಲಿ ನೆನೆಸಿ, ಚೀಲವನ್ನು ಎತ್ತಿ ಹಿಂಡಿ, ಅದೇ ಪಾತ್ರೆಯಲ್ಲಿ ಕುದಿಸುವುದು. ಧಾನ್ಯದಿಂದ ಬಿಯರ್ ಮಾಡಲು ಮೂರು ಪಾತ್ರೆಗಳು ಬೇಕೆಂಬ ನಂಬಿಕೆಯನ್ನು ಈ ಚೀಲ ಅಲುಗಾಡಿಸಿತು.

ಖರ್ಚಿನ ಲೆಕ್ಕ

ಒಮ್ಮೆ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ತಯಾರಿಸುವುದು ವಾಡಿಕೆ. ಸೋರಿಕೆ ಮತ್ತು ಗಷ್ಟನ್ನು ಕಳೆದರೆ 355 ಮಿಲಿಲೀಟರಿನ 50 ಬಾಟಲಿಗಳಷ್ಟು ಸಿಗುತ್ತದೆ. ಉದಾಹರಣೆಗೆ ಪದಾರ್ಥಗಳಿಗೆ 40 ಡಾಲರ್ ಆಗಿದೆಯೆಂದುಕೊಂಡರೆ ಬಾಟಲಿಗೆ 80 ಸೆಂಟ್ ಬೀಳುತ್ತದೆ. ಅದೇ ಗುಣಮಟ್ಟದ ಬಿಯರ್ ಅಂಗಡಿಯಲ್ಲಿ 1 ಡಾಲರ್ 80 ಸೆಂಟ್ ಇದ್ದರೆ ಬಾಟಲಿಗೆ ಒಂದು ಡಾಲರ್, ಒಂದು ಸಲದ ತಯಾರಿಕೆಗೆ 50 ಡಾಲರ್ ಉಳಿತಾಯ. 150 ಡಾಲರಿನ ಕಿಟ್ ಮೂರೇ ಸಲಕ್ಕೆ ತನ್ನ ಬೆಲೆಯನ್ನು ಹಿಂದಿರುಗಿಸುತ್ತದೆ. ಇಲ್ಲಿಯವರೆಗೆ ಹವ್ಯಾಸಿ ಮನೆಯವರಿಗೆ ಒಪ್ಪಿಸುವ ಲೆಕ್ಕ ಸರಿಯಾಗಿಯೇ ಇದೆ.

ಅನಂತರ ಕೆಗ್ ವ್ಯವಸ್ಥೆಗೆ 300, ವಿದ್ಯುತ್ ಯಂತ್ರಕ್ಕೆ 1000, ಸ್ಟೀಲ್ ಹುದುಗುಪಾತ್ರೆಗೆ 500 ಡಾಲರ್ ಸೇರಿದರೆ 1800 ಡಾಲರ್ ಆಗುತ್ತದೆ. ಅದನ್ನು ಉಳಿತಾಯದಿಂದಲೇ ತುಂಬಲು ಇನ್ನೂ 36 ಸಲ ಬಿಯರ್ ತಯಾರಿಸಬೇಕು. ತಿಂಗಳಿಗೊಮ್ಮೆ ಮಾಡಿದರೂ ಮೂರು ವರ್ಷ. ಅಷ್ಟರಲ್ಲಿ ಮತ್ತೇನನ್ನೂ ಕೊಳ್ಳಬಾರದು. ಪ್ರತಿ ಸಲವೂ ಹಿಡಿಯುವ ಐದಾರು ಗಂಟೆಗಳ ಶ್ರಮ, ಗ್ಯಾಸು, ವಿದ್ಯುತ್ತು ಮತ್ತು ಕೆಟ್ಟು ಚರಂಡಿಗೆ ಸುರಿದ ಬಿಯರು ಈ ಲೆಕ್ಕದಲ್ಲಿಲ್ಲ.

ಈ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ತಿಂಗಳಿಗೆ 50 ಬಾಟಲಿಯನ್ನು ಒಬ್ಬನೇ ಕುಡಿದರೆ ವಾರಕ್ಕೆ ಹನ್ನೊಂದು-ಹನ್ನೆರಡು ಬಾಟಲಿಗಳಾಗುತ್ತವೆ. ಬಿಯರ್ ಶೇ. 5ರಷ್ಟು ಪ್ರಬಲವಾಗಿದ್ದರೆ ಬ್ರಿಟನ್ನಿನ ಅಳತೆಯಲ್ಲಿ ಇದು 20 ಯೂನಿಟ್‌ಗಳಷ್ಟು. ಅಲ್ಲಿನ ಆರೋಗ್ಯಾಧಿಕಾರಿಗಳು 2016ರಿಂದ ಸೂಚಿಸುತ್ತಿರುವ ಮಿತಿ ವಾರಕ್ಕೆ 14 ಯೂನಿಟ್. ಅಂದರೆ ಯಂತ್ರದ ಹಣವನ್ನು ಬೇಗ ಹಿಂಪಡೆಯುವ ಏಕೈಕ ದಾರಿ ಹೆಚ್ಚು ಕುಡಿಯುವುದು ಅಥವಾ ಹೆಚ್ಚು ಹಂಚುವುದು. ಹವ್ಯಾಸದ ಗೀಳು ಮತ್ತು ಕುಡಿತದ ಚಟ ಬೇರೆ ಬೇರೆಯಾದರೂ, ನಲ್ಲಿ ತಿರುಗಿಸಿದರೆ ಬಿಯರ್ ಬರುವ ಮನೆಯಲ್ಲಿ ಅವೆರಡರ ನಡುವಿನ ಗೆರೆ ತೆಳುವಾಗಬಹುದು. ಬಾಟಲಿಗಳನ್ನು ಎಣಿಸಬಹುದು, ಕೆಗ್‌ನಿಂದ ಎಷ್ಟು ಹೋಯಿತೆಂದು ಎಣಿಸುವವರು ಕಡಿಮೆ.

ಗೀಳಿನ ಕಾರಣಗಳು

ಒಂದು ಹೊಸ ವಸ್ತು ಬಂದಾಗ ಅದರ ಸುತ್ತಲಿನ ಹಳೆಯ ವಸ್ತುಗಳು ಅದಕ್ಕೆ ಒಪ್ಪದಂತೆ ಕಂಡು, ಅವನ್ನೂ ಬದಲಿಸುವ ಒತ್ತಡ ಹುಟ್ಟುವುದನ್ನು ಡಿಡೆರೊ ಪರಿಣಾಮ ಎನ್ನುತ್ತಾರೆ. ಹದಿನೆಂಟನೆಯ ಶತಮಾನದ ಫ್ರೆಂಚ್ ಲೇಖಕ ಡೆನಿ ಡಿಡೆರೊ, ಹೊಸ ನಿಲುವಂಗಿಯೊಂದರಿಂದಾಗಿ ತನ್ನ ಕೋಣೆಯ ಸಾಮಾನುಗಳೆಲ್ಲ ಬದಲಾದ ಕಥೆಯನ್ನು ಪ್ರಬಂಧವೊಂದರಲ್ಲಿ ಹೇಳಿಕೊಂಡಿದ್ದಾನೆ. ಕೆನಡಾದ ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರಾಕನ್ 1988ರಲ್ಲಿ ಇದಕ್ಕೆ ಈ ಹೆಸರಿಟ್ಟರು. ಮನೆ ಬಿಯರಿನಲ್ಲಿ ಈ ಪರಿಣಾಮಕ್ಕೆ ಭೌತಿಕ ರೂಪವೇ ಇದೆ. ದೊಡ್ಡ ಪಾತ್ರೆಗೆ ದೊಡ್ಡ ಒಲೆ ಬೇಕು, ದೊಡ್ಡ ಒಲೆಗೆ ಅಡುಗೆಮನೆಯ ಹೊರಗೆ ಜಾಗ ಬೇಕು, ಹೊರಗಿನ ಜಾಗಕ್ಕೆ ನೀರಿನ ಸಂಪರ್ಕ ಬೇಕು.

ಕಾಯುವಿಕೆಯೂ ಒಂದು ಕಾರಣ. ಒಮ್ಮೆ ಯೀಸ್ಟ್ ಬೆರೆಸಿದ ಮೇಲೆ ವಾರಗಟ್ಟಲೆ ಮಾಡುವ ಕೆಲಸವಿಲ್ಲ. ಆ ಬಿಡುವಿನಲ್ಲಿ ಬಿಯರ್ ತಯಾರಿಸಲು ಆಗದಿದ್ದರೂ ಸಾಮಗ್ರಿಗಳ ಪಟ್ಟಿ ನೋಡಲು ಅಡ್ಡಿಯಿಲ್ಲ. ಸ್ಪರ್ಧೆಗಳು ಇನ್ನಷ್ಟು ಹುರುಪು ತುಂಬುತ್ತವೆ. ಅಮೆರಿಕದ ರಾಷ್ಟ್ರೀಯ ಸ್ಪರ್ಧೆ 1979ರಿಂದ ನಡೆಯುತ್ತಿದೆ; ತೀರ್ಪುಗಾರರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ನೀಡುವ ಸಂಸ್ಥೆ 1985ರಲ್ಲಿ ಆರಂಭವಾಯಿತು. ತೀರ್ಪುಗಾರರ ಮುಂದೆ ಬರುವುದು ಲೋಟದಲ್ಲಿರುವ ಬಿಯರ್ ಮಾತ್ರ. ಅದನ್ನು ಯಾವ ಪಾತ್ರೆಯಲ್ಲಿ ಕುದಿಸಲಾಯಿತೆಂಬುದು ಅವರಿಗೆ ತಿಳಿಯುವುದಿಲ್ಲ. ಶುಚಿತ್ವ, ಆರೋಗ್ಯವಂತ ಯೀಸ್ಟ್ ಮತ್ತು ಉಷ್ಣತೆಯ ಹಿಡಿತ ಇದ್ದರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿಯೂ ಉತ್ತಮ ಬಿಯರ್ ಆಗುತ್ತದೆ. ಇವಿಲ್ಲದಿದ್ದರೆ ಹೊಳೆಯುವ ಸ್ಟೀಲ್ ಪಾತ್ರೆಯಲ್ಲಿಯೂ ಆಗುವುದಿಲ್ಲ.

ಸುರಕ್ಷತೆ

ಹುದುಗುವಿಕೆ ಮುಗಿಯದೆ ಅಥವಾ ಹೆಚ್ಚು ಸಕ್ಕರೆ ಹಾಕಿ ಬಾಟಲಿ ತುಂಬಿದರೆ ಒತ್ತಡದಿಂದ ಗಾಜು ಸಿಡಿದು ಗಾಯವಾಗಬಹುದು. ಅನಿಲದ ಸಿಲಿಂಡರನ್ನು ಗಾಳಿಯಾಡದ ಕೋಣೆಯಲ್ಲಿಡುವುದು ಅಪಾಯಕರ. ಮನೆ ಬಿಯರಿನಿಂದ ಮೆಥನಾಲ್ ವಿಷವೇರುತ್ತದೆ ಎಂಬ ಭಯ ಸಾಮಾನ್ಯವಾಗಿ ನಿರಾಧಾರ. ಆದರೆ ಭಟ್ಟಿ ಇಳಿಸುವುದು ಬೇರೆಯೇ ವಿಷಯ.

ಕಾನೂನು

ಅಮೆರಿಕದ ಒಕ್ಕೂಟ ಕಾನೂನಿನಂತೆ ಒಬ್ಬ ವಯಸ್ಕನಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಬಹುದು; ಮಾರುವಂತಿಲ್ಲ. ರಾಜ್ಯಗಳಿಗೆ ಪ್ರತ್ಯೇಕ ಅಧಿಕಾರವಿದ್ದುದರಿಂದ ಮಿಸಿಸಿಪಿ ಮತ್ತು ಅಲಬಾಮಗಳಲ್ಲಿ 2013ರವರೆಗೂ ಇದು ನಿಷಿದ್ಧವಾಗಿತ್ತು. ಜಪಾನಿನಲ್ಲಿ ಶೇ. 1 ಅಥವಾ ಅದಕ್ಕಿಂತ ಹೆಚ್ಚು ಮದ್ಯಸಾರವುಳ್ಳ ಬಿಯರನ್ನು ಪರವಾನಗಿಯಿಲ್ಲದೆ ಮನೆಯಲ್ಲಿ ತಯಾರಿಸುವಂತಿಲ್ಲ.

ಭಾರತದಲ್ಲಿ ಮದ್ಯ ರಾಜ್ಯಪಟ್ಟಿಯ ವಿಷಯ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಮದ್ಯ ತಯಾರಿಕೆಗೆ ಪರವಾನಗಿ ಕಡ್ಡಾಯ. ಬೆಂಗಳೂರಿನ ಮೈಕ್ರೋಬ್ರೂವರಿಗಳು ತಮ್ಮ ಆವರಣದಲ್ಲಿಯೇ ಬಿಯರ್ ತಯಾರಿಸಿ ಬಡಿಸುವುದು ಅಂಥ ಪರವಾನಗಿಯ ಮೇಲೆ.