ಬರೋಡಾ ಸಂಸ್ಥಾನದ ಸಂಚಾರಿ ಗ್ರಂಥಭಂಡಾರಗಳು

ನಮ್ಮ ದೇಶದ ಗ್ರಂಥಾಲಯಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಟ್ಟಡಗಳ ಮತ್ತು ಗ್ರಂಥಸಂಖ್ಯೆಗಳ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ನಗರದಲ್ಲಿ ಯಾವ ವರ್ಷ ಭಂಡಾರವು ಸ್ಥಾಪಿತವಾಯಿತು, ದಾನವಿತ್ತವರು ಯಾರು, ಕಪಾಟುಗಳಲ್ಲಿ ಎಷ್ಟು ಸಂಪುಟಗಳಿದ್ದುವು ಎಂಬ ವಿವರಗಳಿಗೆ ಕೊರತೆಯಿಲ್ಲ. ಪುಸ್ತಕವನ್ನು ಎಂದೂ ಕೈಯಲ್ಲಿ ಹಿಡಿಯದಿದ್ದ ಜನರು ಆ ಭಂಡಾರದ ಹೊಸ್ತಿಲನ್ನು ದಾಟಿದುದು ಹೇಗೆ, ಅವರನ್ನು ಒಲಿಸಿಕೊಂಡ ಉಪಾಯಗಳು ಯಾವುವು ಎಂಬ ಪ್ರಶ್ನೆ ಮಾತ್ರ ಹಿಂದೆ ಉಳಿದಿದೆ. ಇದನ್ನು ವಿಚಾರಿಸುವುದಕ್ಕೆ ಬರೋಡಾ ಸಂಸ್ಥಾನದ ಪ್ರಯೋಗದಷ್ಟು ಅನುಕೂಲವಾದ ನಿದರ್ಶನ ಭಾರತದಲ್ಲಿ ವಿರಳ.

ಮೂರನೆಯ ಸಯಾಜಿರಾವ್ ಗಾಯಕವಾಡರು ೧೮೯೩ರಲ್ಲಿ ಅಮ್ರೇಲಿ ಪ್ರದೇಶದಲ್ಲಿಯೂ ೧೯೦೬ರಲ್ಲಿ ಇಡೀ ಸಂಸ್ಥಾನದಲ್ಲಿಯೂ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದರು. ಆದರೆ ಶಾಲೆಯನ್ನು ಬಿಟ್ಟ ಹುಡುಗನಿಗೆ ಓದಲು ಏನೂ ದೊರೆಯದಿದ್ದರೆ ಕಲಿತ ಅಕ್ಷರ ಎಷ್ಟು ಕಾಲ ಉಳಿದೀತು? ಗ್ರಂಥಾಲಯದ ಯೋಜನೆ ಹುಟ್ಟಿದುದು ಈ ಆತಂಕದಿಂದ. ೧೯೦೬ರಲ್ಲಿ ಅಮೆರಿಕದಲ್ಲಿ ಸಂಚರಿಸಿ ಅಲ್ಲಿಯ ಸಾರ್ವಜನಿಕ ಗ್ರಂಥಾಲಯಗಳನ್ನು ಕಂಡಿದ್ದ ಮಹಾರಾಜರು, ನ್ಯೂ ಹೇವನ್ ನಗರದಲ್ಲಿ ಗ್ರಂಥಪಾಲಕರಾಗಿದ್ದ ವಿಲಿಯಂ ಆಲನ್‌ಸನ್ ಬೋರ್ಡನ್ ಅವರನ್ನು ೧೯೧೦ರಲ್ಲಿ ಬರಮಾಡಿಕೊಂಡರು. ಬೋರ್ಡನ್ ಇಲ್ಲಿದ್ದುದು ಮೂರೇ ವರ್ಷ. ಅಷ್ಟರಲ್ಲಿಯೇ ಮಹಾರಾಜರ ಸ್ವಂತ ಸಂಗ್ರಹವನ್ನು ಬುನಾದಿಯಾಗಿಟ್ಟುಕೊಂಡು ಕೇಂದ್ರ ಗ್ರಂಥಾಲಯವು ನೆಲೆಗೊಂಡಿತು. ೧೯೧೧ರಲ್ಲಿ ಗ್ರಂಥಪಾಲಕರ ತರಬೇತಿಯ ತರಗತಿ ಆರಂಭವಾಯಿತು. ೧೯೧೨ರಲ್ಲಿ ಇಂಗ್ಲಿಷ್, ಗುಜರಾತಿ, ಮರಾಠಿಗಳೆಂಬ ಮೂರು ಭಾಷೆಗಳಲ್ಲಿ 'ಲೈಬ್ರರಿ ಮಿಸಲನಿ' ಎಂಬ ಪತ್ರಿಕೆ ಹೊರಟಿತು.

ಕೇಂದ್ರ ಗ್ರಂಥಾಲಯದಲ್ಲಿ ಓದುಗನು ತಾನೇ ಕಪಾಟಿನ ಬಳಿಗೆ ಹೋಗಿ ಪುಸ್ತಕವನ್ನು ಆರಿಸಿಕೊಳ್ಳಬಹುದಾಗಿತ್ತು. ಇಂದು ಇದು ಸಾಮಾನ್ಯ ಸಂಗತಿಯೆಂದು ತೋರಬಹುದು. ಆ ಕಾಲದಲ್ಲಿ ಬೀಗ ಹಾಕಿದ ಕಪಾಟು, ಅದರ ಮುಂದೆ ಗುಮಾಸ್ತ, ಗುಮಾಸ್ತನ ಮುಂದೆ ಕೋರಿಕೆಯ ಚೀಟಿ ಹಿಡಿದು ನಿಂತ ಓದುಗ - ಇದೇ ವಾಡಿಕೆ. ಪುಸ್ತಕದ ಹೆಸರನ್ನು ಮೊದಲೇ ಬಲ್ಲವನಿಗೆ ಮಾತ್ರ ಆ ವ್ಯವಸ್ಥೆ ಉಪಯುಕ್ತ. ಯಾವುದನ್ನು ಓದಬೇಕೆಂದು ತಿಳಿಯದವನಿಗೆ ಅದು ಮುಚ್ಚಿದ ಬಾಗಿಲೇ ಸರಿ. ತೆರೆದ ಕಪಾಟಿನಿಂದ ಪುಸ್ತಕಗಳು ಕಳೆದುಹೋಗುವ ಭಯವಿದ್ದೇ ಇತ್ತು. ಆ ನಷ್ಟವನ್ನು ಓದುಗನ ಸಂಕೋಚಕ್ಕಿಂತ ಕಡಿಮೆಯದೆಂದು ಬರೋಡೆಯು ಎಣಿಸಿತು. ಮಕ್ಕಳಿಗೆ ಆಟದ ಸಾಮಗ್ರಿಗಳೊಡನೆ ಒಂದು ಕೊಠಡಿಯನ್ನೂ, ಸ್ತ್ರೀಯರಿಗೆ ಪ್ರತ್ಯೇಕ ವಿಭಾಗವನ್ನೂ ಏರ್ಪಡಿಸಿದುದು ಇದೇ ಬುದ್ಧಿಯಿಂದ.

ಆದರೆ ನಗರದ ಭಂಡಾರವು ಎಷ್ಟೇ ತೆರೆದಿದ್ದರೂ ಹಳ್ಳಿಗೆ ಅದು ದೂರವೇ. ಮೇಲಾಗಿ ಬರೋಡಾ ರಾಜ್ಯವು ಒಂದೇ ಹರಹಿನ ನಾಡಾಗಿರಲಿಲ್ಲ. ಬರೋಡಾ, ಕಡಿ, ನವಸಾರಿ, ಅಮ್ರೇಲಿ ಪ್ರಾಂತಗಳ ನಡುವೆ ಬ್ರಿಟಿಷರ ಜಿಲ್ಲೆಗಳೂ ಅನ್ಯ ಸಂಸ್ಥಾನಗಳ ಸೀಮೆಗಳೂ ಹಬ್ಬಿದ್ದುವು. ಇದಕ್ಕೆ ಕಂಡುಕೊಂಡ ಪರಿಹಾರವು ಒಂದು ಮರದ ಪೆಟ್ಟಿಗೆ. ೧೫ರಿಂದ ೩೦ ಪುಸ್ತಕಗಳನ್ನು ಹಿಡಿಯುವಂಥದು; ಬೀಗವುಳ್ಳದ್ದು; ಮುಚ್ಚಿದರೆ ರೈಲಿಗೆ ಏರಿಸಬಹುದಾದ ಸಾಮಾನು, ತೆರೆದು ನಿಲ್ಲಿಸಿದರೆ ಒಂದು ಕಪಾಟು. ಸಾಗಣೆಯ ವೆಚ್ಚವನ್ನು ಸರ್ಕಾರವೇ ಭರಿಸುತ್ತಿತ್ತು. ಹಳ್ಳಿಯಲ್ಲಿ ಹೊಣೆಗಾರನಾದ ಒಬ್ಬನು ಪೆಟ್ಟಿಗೆಯನ್ನು ಇಳಿಸಿಕೊಂಡು ಪುಸ್ತಕಗಳನ್ನು ಹಂಚಿ, ಅವಧಿ ತೀರಿದ ಮೇಲೆ ಹಿಂದಿರುಗಿಸಿ ಬೇರೊಂದನ್ನು ತರಿಸಿಕೊಳ್ಳಬಹುದಾಗಿತ್ತು. ನ್ಯೂಯಾರ್ಕ್ ಸಂಸ್ಥಾನದಲ್ಲಿ ಮೆಲ್ವಿಲ್ ಡ್ಯೂಯಿ ೧೮೯೦ರ ದಶಕದಲ್ಲಿ ಆರಂಭಿಸಿದ್ದ ಪದ್ಧತಿಯೇ ಇದಕ್ಕೆ ಮಾದರಿಯೆಂಬುದು ನಿಜ. ಆದರೂ ಪೆಟ್ಟಿಗೆಯ ಗುಣ ಅದರ ಮೂಲದಲ್ಲಿಲ್ಲ. ಸಾವಿರ ಪುಸ್ತಕಗಳ ಮುಂದೆ ಬೆದರುವ ಹೊಸ ಓದುಗನಿಗೆ ಇಪ್ಪತ್ತು ಪುಸ್ತಕಗಳು ಬೆದರಿಕೆಯಾಗಲಾರವು. ಅವು ಕೆಲವು ವಾರಗಳಲ್ಲಿ ಹೊರಟುಹೋಗುತ್ತವೆಂಬ ಅರಿವೇ ಅವುಗಳನ್ನು ಬೇಗ ಓದಿಸುತ್ತದೆ.

ಅಕ್ಷರವನ್ನೇ ಅರಿಯದವರ ಗತಿಯೇನು? ಅವರಿಗಾಗಿ ೧೯೧೨ರಲ್ಲಿ ದೃಶ್ಯಶಿಕ್ಷಣದ ಶಾಖೆ ಏರ್ಪಟ್ಟಿತು. ಮಾಯಾದೀಪದ ಗಾಜಿನ ಚಿತ್ರಗಳು, ಎರಡು ಕಣ್ಣುಗಳಿಂದ ನೋಡುವ ಘನಚಿತ್ರಗಳು, ಆಗತಾನೆ ಹೊಸದಾಗಿದ್ದ ಚಲಚ್ಚಿತ್ರ ಯಂತ್ರ - ಇವೆಲ್ಲ ಗ್ರಂಥಾಲಯ ಇಲಾಖೆಯ ಸಾಮಗ್ರಿಗಳಾದುವು. ಗ್ರಂಥಾಲಯಕ್ಕೂ ಚಿತ್ರಪ್ರದರ್ಶನಕ್ಕೂ ಏನು ಸಂಬಂಧವೆಂದು ಕೇಳುವವರು ಇಂದಿಗೂ ಉಂಟು. ಹರಿಕಥೆಯನ್ನು ಕೇಳಿ ಪುರಾಣವನ್ನು ಬಲ್ಲವರಾದ ನಮ್ಮ ಜನರಿಗೆ ಈ ಸಂಬಂಧವನ್ನು ವಿವರಿಸಬೇಕಾಗಿಲ್ಲ.

ಇಷ್ಟನ್ನೂ ಬೋರ್ಡನ್ ಅವರ ಹೆಸರಿಗೆ ಬರೆಯುವುದು ರೂಢಿ. ಈ ರೂಢಿಯು ನ್ಯಾಯವಾದುದಲ್ಲವೆಂದು ನಮ್ಮ ಮತ. ಚರೋತರ ಸೀಮೆಯ ವಸೋ ಗ್ರಾಮದವರಾದ ಮೋತಿಭಾಯಿ ಅಮೀನರು (೧೮೭೩-೧೯೩೯) ಬೋರ್ಡನ್ ಬರುವ ಮೊದಲೇ 'ಮಿತ್ರಮಂಡಲ'ಗಳ ಮೂಲಕ ಹಳ್ಳಿಗಳಲ್ಲಿ ವಾಚನಾಲಯಗಳನ್ನು ತೆರೆಯಿಸುತ್ತಿದ್ದರು. ವೃತ್ತಿಯಿಂದ ಉಪಾಧ್ಯಾಯರು, ಮುಂದೆ ಗ್ರಂಥಾಲಯ ಇಲಾಖೆಯಲ್ಲಿಯೇ ಅಧಿಕಾರಿಯಾದರು. ಬರೋಡೆಯ ಗ್ರಾಮ ಗ್ರಂಥಾಲಯಕ್ಕೆ ವೆಚ್ಚದ ಮೂರನೆಯ ಒಂದು ಪಾಲನ್ನು ಊರವರೇ ಕೂಡಿಸಬೇಕು. ಉಳಿದೆರಡು ಪಾಲುಗಳನ್ನು ಪ್ರಾಂತ ಪಂಚಾಯಿತಿಯೂ ಸರ್ಕಾರವೂ ಕೊಡುವುವು. ಈ ನಿಯಮವು ಕಾಗದದ ಮೇಲೆ ನಿಲ್ಲದೆ ನಡೆದುದಕ್ಕೆ ಊರಿಂದೂರಿಗೆ ತಿರುಗಿ ಜನರನ್ನು ಒಪ್ಪಿಸಿದ ಅಮೀನರಂಥವರೇ ಕಾರಣರು. ಅಮೆರಿಕದಿಂದ ಬಂದುದು ವಿಧಾನ; ಓದುಗರನ್ನು ತಂದುದು ಮನೆಮನೆಯ ಪರಿಚಯ.

ಆದರೆ ಇದೇ ನಿಯಮದಲ್ಲಿ ಒಂದು ದೋಷವೂ ಅಡಗಿತ್ತು. ಮೂರನೆಯ ಒಂದು ಪಾಲನ್ನು ಕೂಡಿಸಬಲ್ಲ ಊರಿಗೆ ಎರಡು ಪಾಲು ಸಹಾಯ. ಕೂಡಿಸಲಾರದ ಊರಿಗೆ ಏನೂ ಇಲ್ಲ. ಅನುಕೂಲಸ್ಥರ ಹಣದಿಂದ ನಿಂತ ವಾಚನಾಲಯದಲ್ಲಿ ಊರ ಹೊರಗಿನ ಕೇರಿಯವನು ಚಾಪೆಯ ಮೇಲೆ ಕುಳಿತು ಪತ್ರಿಕೆಯನ್ನು ತಿರುವುವುದು ಸುಲಭವಾಗಿದ್ದೀತೆ? ಗ್ರಂಥಾಲಯಗಳ ಎಣಿಕೆಯನ್ನು ಮಾತ್ರ ನೋಡಿ ಈ ಪ್ರಯೋಗವನ್ನು ಹೊಗಳುವವರು ಇದನ್ನು ಮರೆಯುತ್ತಾರೆ.

ಸರ್ಕಾರದ ಆಸರೆಯಿಲ್ಲದ ಪ್ರಯತ್ನಗಳೂ ದಕ್ಷಿಣದಲ್ಲಿ ನಡೆದುವು. ೧೯೩೧ರ ಅಕ್ಟೋಬರಿನಲ್ಲಿ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯ ಬಳಿ ಕನಕಸಭೈ ಪಿಳ್ಳೈ ಅವರು ಎತ್ತಿನ ಗಾಡಿಯ ಮೇಲೆ ಗ್ರಂಥಾಲಯವನ್ನು ಹೊರಡಿಸಿದರು; ೧೯೩೫ರಲ್ಲಿ ಆಂಧ್ರದಲ್ಲಿ ಪಾತೂರಿ ನಾಗಭೂಷಣಂ ಅವರು ಕಾಲುವೆಯ ದೋಣಿಯಲ್ಲಿ ಪಯಣಿಸುವವರಿಗೆ ಪುಸ್ತಕಗಳನ್ನು ಒದಗಿಸಿದರು. ದೋಣಿಯಲ್ಲಿ ಕುಳಿತವನಿಗೆ ಗಂಟೆಗಟ್ಟಲೆ ಬೇರೆ ಕೆಲಸವಿಲ್ಲ. ಓದುಗನ ಬಿಡುವನ್ನು ಇಷ್ಟು ಚೆನ್ನಾಗಿ ಅರಿತ ಉಪಾಯ ಇನ್ನೊಂದನ್ನು ಕಾಣೆವು.

ಬರೋಡಾ ಸಂಸ್ಥಾನವು ೧೯೪೯ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅಷ್ಟರಲ್ಲಿ ಗ್ರಂಥಾಲಯಕ್ಕೆ ಶಾಸನದ ಆಧಾರ ಬೇಕೆಂಬ ವಾದವು ಬಲಗೊಂಡಿತ್ತು. ಅದರ ಮುಖ್ಯ ಪ್ರತಿಪಾದಕರಾದ ಶಿ. ರಾ. ರಂಗನಾಥನ್ ಅವರು ೧೯೫೭ರಿಂದ ಬೆಂಗಳೂರಿನಲ್ಲಿಯೇ ನೆಲಸಿದ್ದರು. ೧೯೪೮ರ ಮದರಾಸು ಕಾಯಿದೆಯಂತೆ ೧೯೬೫ರ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯೂ ಗ್ರಂಥಾಲಯ ಕರವನ್ನು ವಿಧಿಸಿತು. ಬಡ ಊರು ಹೊರಗುಳಿಯುವ ಬರೋಡೆಯ ದೋಷಕ್ಕೆ ಇದು ತಕ್ಕ ಉತ್ತರ. ಆದರೆ ಬರೋಡೆಯ ಹಳ್ಳಿಗನು ತಾನು ಯಾವ ವಾಚನಾಲಯಕ್ಕೆ ಹಣ ಕೊಡುತ್ತಿದ್ದೇನೆಂಬುದನ್ನು ಬಲ್ಲ. ಆಸ್ತಿ ತೆರಿಗೆಯೊಡನೆ ಕರವನ್ನು ತೆತ್ತವರಲ್ಲಿ ಅದನ್ನು ಬಲ್ಲವರು ಎಷ್ಟು ಮಂದಿ? ಈ ಎರಡು ಪದ್ಧತಿಗಳನ್ನು ಹೋಲಿಸಹೊರಡುವ ವಿದ್ಯಾರ್ಥಿಯು ವಾರ್ಷಿಕ ವರದಿಗಳ ಮೊತ್ತಗಳನ್ನು ಬದಿಗಿಟ್ಟು ಹಳ್ಳಿಯ ವಾಚನಾಲಯಗಳ ಎರವಲು ವಹಿಗಳಿಂದ ಮೊದಲು ಮಾಡುವುದು ಒಳ್ಳೆಯದು: ಪುಸ್ತಕವನ್ನು ಒಯ್ದವರು ಯಾರು, ಯಾವ ಕೇರಿಯವರು, ಎರಡನೆಯ ಸಲವೂ ಬಂದರೆ ಎಂಬುದು ಅಲ್ಲಿಯೇ ದೊರೆಯಬೇಕು.