ಮಹಾಮಾರಿ ಮತ್ತು ಆಯುಷ್ಯದ ಲೆಕ್ಕ



1911ರಿಂದ 1921ರವರೆಗಿನ ಹತ್ತು ವರ್ಷಗಳಲ್ಲಿ ಭಾರತೀಯರ ಸರಾಸರಿ ಆಯುಷ್ಯ ಸುಮಾರು 20 ವರ್ಷ ಮಾತ್ರ ಇತ್ತು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಹಾಗಾದರೆ ಆ ಕಾಲದಲ್ಲಿ ಅಜ್ಜ ಅಜ್ಜಿಯರೇ ಇರಲಿಲ್ಲವೆ? ಖಂಡಿತ ಇದ್ದರು. ಸರಾಸರಿ ಆಯುಷ್ಯ ಎಂದರೆ ಎಲ್ಲರೂ ಆ ವಯಸ್ಸಿಗೇ ತೀರಿಕೊಳ್ಳುತ್ತಾರೆ ಎಂದಲ್ಲ. ಒಂದು ಕಾಲದಲ್ಲಿ ಯಾವ ವಯಸ್ಸಿನವರು ಎಷ್ಟು ಪ್ರಮಾಣದಲ್ಲಿ ಸಾಯುತ್ತಿದ್ದಾರೋ, ಅದೇ ಪ್ರಮಾಣ ಮುಂದೆಯೂ ಇದ್ದರೆ ಆಗ ಹುಟ್ಟಿದ ಮಗು ಸರಾಸರಿ ಎಷ್ಟು ವರ್ಷ ಬದುಕೀತು ಎಂಬುದೇ ಈ ಲೆಕ್ಕ.

ಒಂದು ಉದಾಹರಣೆ ನೋಡಿ. ಹತ್ತು ಮಕ್ಕಳಲ್ಲಿ ನಾಲ್ವರು ಹುಟ್ಟಿದ ವರ್ಷವೇ ತೀರಿಕೊಂಡು, ಉಳಿದ ಆರು ಮಂದಿ 60 ವರ್ಷ ಬದುಕಿದರೆ ಅವರ ಸರಾಸರಿ ಆಯುಷ್ಯ ಸುಮಾರು 36 ವರ್ಷ. ಅಂದರೆ ಎಳೆಯರ ಮತ್ತು ಯುವಕರ ಸಾವು ಈ ಲೆಕ್ಕವನ್ನು ಬಹಳ ಕೆಳಗೆ ಎಳೆಯುತ್ತದೆ. ವೃದ್ಧರ ಸಾವು ಅಷ್ಟಾಗಿ ಎಳೆಯುವುದಿಲ್ಲ. ಮಹಾಮಾರಿಗಳ ಚರಿತ್ರೆಯನ್ನು ಓದುವಾಗ ಈ ಅಂಶ ನೆನಪಿನಲ್ಲಿರಲಿ.

1918ರ ಜೂನ್ ತಿಂಗಳಲ್ಲಿ ಮುಂಬಯಿ ಬಂದರಿನಲ್ಲಿ ಕಾವಲಿದ್ದ ಕೆಲವು ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಅದು ಇನ್‌ಫ್ಲುಯೆಂಜಾ. ಮೊದಲನೆಯ ಮಹಾಯುದ್ಧದ ಹಡಗುಗಳೊಂದಿಗೆ ಬಂದ ಈ ಜ್ವರ ರೈಲುಮಾರ್ಗ ಹಿಡಿದು ಒಳನಾಡಿಗೆ ಹರಡಿತು. ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಬಂದ ಎರಡನೆಯ ಅಲೆಯೇ ಅತ್ಯಂತ ಭೀಕರವಾದುದು. ಆ ವರ್ಷ ಮುಂಗಾರು ಮಳೆಯೂ ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು. ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮಳೆಯನ್ನೇ ನಂಬಿ ಜೋಳ ಬೆಳೆಯುವ ಇಂಥ ಬಯಲುಸೀಮೆಯಲ್ಲಿ ಮಳೆ ಹೋದರೆ ಊಟವೂ ಹೋದಂತೆ. ಹಸಿದ ದೇಹಕ್ಕೆ ಜ್ವರವನ್ನು ಎದುರಿಸುವ ಶಕ್ತಿ ಎಲ್ಲಿಂದ ಬರಬೇಕು?

ಭಾರತದಲ್ಲಿ ಸತ್ತವರ ಸಂಖ್ಯೆ ಒಂದೂಕಾಲು ಕೋಟಿಯಿಂದ ಎರಡು ಕೋಟಿಯವರೆಗೆ ಇರಬಹುದೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅಂದರೆ ಪ್ರತಿ ಸಾವಿರ ಜನರಲ್ಲಿ ಸುಮಾರು 40ರಿಂದ 60 ಮಂದಿ. ಅಮೆರಿಕದಲ್ಲಿ ಸತ್ತವರು ಸುಮಾರು 6.75 ಲಕ್ಷ, ಸಾವಿರಕ್ಕೆ ಆರೇಳು ಮಂದಿ. ಒಂದೇ ರೋಗ, ಆದರೆ ಎಷ್ಟು ಅಂತರ! ದೇಶ ದೇಶಗಳ ನಡುವೆ ಮಾತ್ರವಲ್ಲ, ಒಂದೇ ಊರಿನೊಳಗೂ ಈ ಅಂತರವಿತ್ತು. ಮುಂಬಯಿ ನಗರದಲ್ಲಿ ಯೂರೋಪಿಯನ್ನರು ಸತ್ತದ್ದು ಸಾವಿರಕ್ಕೆ 8ರಷ್ಟು. ಕೆಳಜಾತಿಯವರೆಂದು ಸರ್ಕಾರಿ ಕಡತಗಳು ಕರೆದ ಬಡಜನರು ಸತ್ತದ್ದು ಸಾವಿರಕ್ಕೆ 61ರಷ್ಟು. ಇಕ್ಕಟ್ಟಾದ ಮನೆ, ಅರೆಹೊಟ್ಟೆ, ಆರೈಕೆಗೆ ಯಾರೂ ಇಲ್ಲದ ಸ್ಥಿತಿ, ಇವೇ ಅದಕ್ಕೆ ಕಾರಣ.

ಈ ಜ್ವರಕ್ಕೆ 20ರಿಂದ 40 ವರ್ಷದವರು ಹೆಚ್ಚಾಗಿ ಬಲಿಯಾದರು. ಆದ್ದರಿಂದಲೇ ಅಮೆರಿಕದಲ್ಲಿ 1917ರಲ್ಲಿ ಸುಮಾರು 51 ವರ್ಷವಿದ್ದ ಸರಾಸರಿ ಆಯುಷ್ಯ 1918ರಲ್ಲಿ 39ಕ್ಕೆ ಕುಸಿಯಿತು. ಮರುವರ್ಷವೇ ಅದು 54 ದಾಟಿತು. ನಮ್ಮಲ್ಲಿ ಅಂಥ ವರ್ಷವಾರು ಪಟ್ಟಿ ಇರಲಿಲ್ಲ. ಜನಗಣತಿಯಿಂದ ಜನಗಣತಿಗೆ, ಹತ್ತು ವರ್ಷಕ್ಕೊಂದು ಅಂದಾಜು ಮಾತ್ರ. ಹಿಂದಿನ ದಶಕದ ಸುಮಾರು 23 ವರ್ಷ ಈ ದಶಕದಲ್ಲಿ 20ಕ್ಕೆ ಇಳಿಯಿತು. ನೋಡಲು ಇದು ಮೂರೇ ವರ್ಷದ ಇಳಿಕೆ. ಆದರೆ 1918ರ ಆಳವಾದ ಕುಸಿತವನ್ನು ಉಳಿದ ವರ್ಷಗಳ ಲೆಕ್ಕ ಮುಚ್ಚಿಬಿಟ್ಟಿದೆ. ಈಗಿನ ಕರ್ನಾಟಕದ ಪ್ರದೇಶದಲ್ಲಿ 1911ರಲ್ಲಿ 1.35 ಕೋಟಿ ಜನರಿದ್ದರು. 1921ರಲ್ಲಿ ಹೆಚ್ಚಬೇಕಾಗಿದ್ದ ಜನಸಂಖ್ಯೆ 1.34 ಕೋಟಿಗೆ ಇಳಿದಿತ್ತು.

ಇನ್ನು ನಮ್ಮ ಕಾಲದ ಮಹಾಮಾರಿಗೆ ಬರೋಣ. 2020ರ ಮಾರ್ಚ್‌ನಲ್ಲಿ ಭಾರತದ ಮೊದಲ ಕೋವಿಡ್ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ. ಈ ರೋಗ ಹೆಚ್ಚಾಗಿ ವಯಸ್ಸಾದವರನ್ನು ಬಲಿ ತೆಗೆದುಕೊಂಡದ್ದರಿಂದ ಆಯುಷ್ಯದ ಕುಸಿತ 1918ರಷ್ಟು ಆಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಿಂದ 2021ರೊಳಗೆ ಪ್ರಪಂಚದ ಸರಾಸರಿ ಆಯುಷ್ಯ 1.8 ವರ್ಷ ಇಳಿದು 71.4 ಆಯಿತು. ಅಮೆರಿಕದಲ್ಲಿ ಅದು 78.8ರಿಂದ 76.4ಕ್ಕೆ ಇಳಿಯಿತು. ಗಡಿಯನ್ನು ಬೇಗನೆ ಮುಚ್ಚಿ ಸೋಂಕನ್ನು ತಡೆದ ನ್ಯೂಜಿಲೆಂಡಿನಲ್ಲಿ 2020ರಲ್ಲಿ ಆಯುಷ್ಯ ಏರಿತು!

ಭಾರತದಲ್ಲಿ? ಮಾದರಿ ನೋಂದಣಿ ಸಮೀಕ್ಷೆಯ ಐದು ವರ್ಷಗಳ ಸರಾಸರಿ 70.0ರಿಂದ 69.8ಕ್ಕೆ ಇಳಿಯಿತು, ಅಷ್ಟೆ. ಇಲ್ಲಿಯೂ ಕೆಟ್ಟ ವರ್ಷವೊಂದು ಉಳಿದ ವರ್ಷಗಳ ಮರೆಯಲ್ಲಿ ನಿಂತಿದೆ. ವಿಶ್ವಸಂಸ್ಥೆಯ ವರ್ಷವಾರು ಅಂದಾಜಿನಲ್ಲಾದರೋ 2019ರಲ್ಲಿ 70 ದಾಟಿದ್ದ ಆಯುಷ್ಯ 2021ರಲ್ಲಿ ಸುಮಾರು 67. ಸರ್ಕಾರಿ ಲೆಕ್ಕದಲ್ಲಿ 2021ರ ಕೊನೆಯವರೆಗೆ ಕೋವಿಡ್‌ನಿಂದ ಸತ್ತವರು ಸುಮಾರು 4.8 ಲಕ್ಷ. ಆ ಎರಡು ವರ್ಷಗಳಲ್ಲಿ ಸಹಜಕ್ಕಿಂತ 47 ಲಕ್ಷದಷ್ಟು ಹೆಚ್ಚು ಸಾವುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು. ಆ ಲೆಕ್ಕ ಮಾಡಿದ ವಿಧಾನವನ್ನು ಭಾರತ ಸರ್ಕಾರ ಒಪ್ಪಲಿಲ್ಲ. ದೇಶದ ಜನನ ಮರಣ ನೋಂದಣಿಯಲ್ಲಿ 2020ರಲ್ಲಿ ಸುಮಾರು 81 ಲಕ್ಷ ಸಾವುಗಳಿದ್ದರೆ 2021ರಲ್ಲಿ 1.02 ಕೋಟಿ ಸಾವುಗಳು ದಾಖಲಾಗಿವೆ. ಒಂದೇ ವರ್ಷದಲ್ಲಿ 20 ಲಕ್ಷಕ್ಕೂ ಹೆಚ್ಚಿನ ಏರಿಕೆ. ನೋಂದಣಿ ಸುಧಾರಿಸಿದ್ದೂ ಇದರಲ್ಲಿ ಸೇರಿರಬಹುದು. ಆದರೆ ದಾಖಲೆ ಇದೆಯೆಂದೇ ನಾವು ಈ ಪ್ರಶ್ನೆಯನ್ನು ಕೇಳಲು ಸಾಧ್ಯವಾಗಿದೆ.

ಮಿತ್ರರೇ, ಒಂದು ಸಾವನ್ನು ಬರೆದಿಡದಿದ್ದರೆ ಆ ವ್ಯಕ್ತಿ ದೇಶದ ಲೆಕ್ಕದಿಂದಲೇ ಬಿಟ್ಟುಹೋಗುತ್ತಾನೆ. ಎಲ್ಲಿ ಆಸ್ಪತ್ರೆ ಬೇಕು, ಎಲ್ಲಿ ಪಡಿತರ ಬೇಕು ಎಂದು ತೀರ್ಮಾನಿಸುವವರಿಗೆ ಆ ಊರಿನ ಕಷ್ಟ ಕಾಣುವುದೇ ಇಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಪ್ರತಿ ಜನನವನ್ನೂ ಪ್ರತಿ ಮರಣವನ್ನೂ ನೋಂದಾಯಿಸುವುದು ಕಡ್ಡಾಯ. 21 ದಿನಗಳೊಳಗೆ ತಿಳಿಸಿದರೆ ಶುಲ್ಕವೂ ಇಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಓಣಿಯಲ್ಲಿ ಇಂಥ ಸಂದರ್ಭ ಬಂದಾಗ ಹಿರಿಯರು ದುಃಖದಲ್ಲಿರುತ್ತಾರೆ. ಓದು ಬರಹ ಬಲ್ಲ ನೀವು ಆ ಅರ್ಜಿಯನ್ನು ತುಂಬಿಕೊಡಿ, ವಯಸ್ಸನ್ನು ಸರಿಯಾಗಿ ಬರೆಯಿರಿ.