ಮಾದರಿ ರಾಕೆಟ್

ಕಿಟ್‌ನಲ್ಲಿ ಬರುವ ಕಾಗದದ ಕೊಳವೆ, ಬಾಲ್ಸಾ ಮರದ ರೆಕ್ಕೆ, ಪ್ಲಾಸ್ಟಿಕ್ ಮೂತಿಗಳನ್ನು ಜೋಡಿಸಿ, ಕಾರ್ಖಾನೆಯ ಸಿದ್ಧ ಮೋಟಾರಿನಿಂದ ಹಾರಿಸುವ ಪುಟ್ಟ ರಾಕೆಟ್. ಇದನ್ನು ಮೈಸೂರಿನ ಟಿಪ್ಪು ಸುಲ್ತಾನನ ಯುದ್ಧ ರಾಕೆಟ್ಟಿನ ಮರಿಮೊಮ್ಮಗ ಎಂದುಬಿಡುವುದು ಸುಲಭ. ಸಾಮಗ್ರಿ ಹೇಳುವ ಕತೆ ಬೇರೆ. ಮೈಸೂರು ರಾಕೆಟ್ಟಿನ ಬಲವಿದ್ದದ್ದು ಹೆಚ್ಚು ಒತ್ತಡ ತಾಳುವ ಕಬ್ಬಿಣದ ಕೊಳವೆಯಲ್ಲಿ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು 23ರಿಂದ 26 ಸೆಂ.ಮೀ. ಉದ್ದದವು, ಅಂದರೆ ಸಣ್ಣ ಕಿಟ್‌ನಷ್ಟೇ. ಆದರೆ ಲೋಹ ಸಿಡಿದರೆ ಚೂರುಗಳೇ ಗುಂಡಾಗುತ್ತವೆ. 1950ರ ದಶಕದಲ್ಲಿ ಅಮೆರಿಕದ ಹುಡುಗರು ಲೋಹದ ಕೊಳವೆಗೆ ಮದ್ದು ತುಂಬಿ ಗಾಯಗೊಳ್ಳುತ್ತಿದ್ದಾಗ, ಆರ್ವಿಲ್ ಕಾರ್ಲೈಲ್ ಮತ್ತು ಹ್ಯಾರಿ ಸ್ಟೈನ್ ಬಳಕೆಗೆ ತಂದ ಕಾಗದದ ರಾಕೆಟ್ಟಿಗೆ ಅರ್ಥ ಬಂದದ್ದು ಇದರಿಂದಲೇ.

ಮೈಸೂರು ರಾಕೆಟ್ಟಿಗೆ ಕಟ್ಟುತ್ತಿದ್ದ ಬಿದಿರಿನ ಬಾಲದಂತೆಯೇ ಇಂದಿನ ರೆಕ್ಕೆಯೂ ರಾಕೆಟ್ಟನ್ನು ನೇರ ಹಾರಿಸುತ್ತದಲ್ಲ ಎಂಬ ಆಕ್ಷೇಪ ಅರ್ಧ ಸರಿ. ಗುರುತ್ವಕೇಂದ್ರವು ಒತ್ತಡಕೇಂದ್ರಕ್ಕಿಂತ (ಗಾಳಿಯ ಒತ್ತಡದ ಬಲ ಕೇಂದ್ರೀಕರಿಸಿದಂತಿರುವ ಬಿಂದು) ಕನಿಷ್ಠ ಒಂದು ಕೊಳವೆಯ ವ್ಯಾಸದಷ್ಟು ಮುಂದಿದ್ದರೆ ರಾಕೆಟ್ ನೇರ ಹೋಗುತ್ತದೆ. ಆದರೆ ಯುದ್ಧದ ರಾಕೆಟ್ಟಿಗೆ ಮರಳುವ ಹೊಣೆಯಿರಲಿಲ್ಲ. ಕಿಟ್‌ನದು ಮೋಟಾರಿನ ಕೊನೆಯ ಪುಟ್ಟ ಸಿಡಿತಕ್ಕೆ ಮೂತಿ ಕಳಚಿ ಪ್ಯಾರಾಚೂಟ್ ಬಿಚ್ಚಬೇಕು; ಮೋಟಾರಿಗೂ ಪ್ಯಾರಾಚೂಟಿಗೂ ನಡುವೆ ಬೆಂಕಿ ಹತ್ತದ ಕಾಗದ ತುರುಕಲು ಮರೆತರೆ ಪ್ಯಾರಾಚೂಟ್ ಕರಗಿ ಮುದ್ದೆಯಾಗುತ್ತದೆ. ಹಾರಿಸಲು ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆಯಂಥ ಅಂಗಳ ಒಗ್ಗದು: ಜನ, ಲಾರಿ, ಒಣ ಮಾಲು, ಹುಬ್ಬಳ್ಳಿ ವಿಮಾನ ನಿಲ್ದಾಣವೂ ದೂರವಿಲ್ಲ. ಊರಾಚೆ, ಕೂಳೆ ಕಿತ್ತ ಎರೆಹೊಲ ಬೇಕು, ಅದೂ ಅನುಮತಿ ಪಡೆದ ಮೇಲೆ.